ಡಿ.ಜೆ. ಯಂತ್ರವನ್ನು ಕೊಳ್ಳಬಯಸುವ ನಮ್ಮ ತರುಣರಿಗೆ

ಈಚೆಗೆ ನಾಗಪುರದ ನಮ್ಮ ಹೊಟೇಲು ಬಂಧುಗಳಲ್ಲಿಯೂ ಗುಮಾಸ್ತ ಬಂಧುಗಳಲ್ಲಿಯೂ ಒಂದು ಹೊಸ ಹಂಬಲವು ಕಾಣಿಸಿಕೊಂಡಿದೆ. ಸೀತಾಬರ್ಡಿಯ ಹೊಟೇಲಿನಲ್ಲಿ ಸಪ್ಲೈ ಮಾಡುವ ಹುಡುಗನೂ, ಧರಮ್‌ಪೇಟೆಯ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನೂ ನಮ್ಮೊಡನೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ: ಡಿ.ಜೆ. ವಿದ್ಯೆಯನ್ನು ಕಲಿಯಬೇಕು, ಮೊದಲನೆಯ ಕಂಟ್ರೋಲರು ಯಾವುದಾಗಿರಬೇಕು? ಮದುವೆಯ ಲಾನುಗಳಲ್ಲಿ ಬಡಿಸಲು ಹೋದಾಗ, ಒಂದು ಮೇಜಿನ ಹಿಂದೆ ನಿಂತು ಐನೂರು ಜನರನ್ನು ಕುಣಿಸುವ ತರುಣನನ್ನು ಇವರು ಕಂಡಿದ್ದಾರೆ. ಆತನಿಗೆ ಸಿಗುವ ಒಂದು ರಾತ್ರಿಯ ಸಂಭಾವನೆಯನ್ನೂ ಕೇಳಿ ತಿಳಿದುಕೊಂಡಿದ್ದಾರೆ. ಆಸೆ ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಹಿರಿಯರಲ್ಲಿ ಕೆಲವರು, ವಿಶೇಷವಾಗಿ ಮಾಲಿಕರು, ಇದನ್ನು ಕೇಳಿದೊಡನೆಯೇ ಮುಖ ಸಿಂಡರಿಸುತ್ತಾರೆ. ಡಿ.ಜೆ. ಎಂದರೆ ಗದ್ದಲ, ಹುಡುಗರು ಕೆಡುವ ದಾರಿ ಎಂಬುದು ಅವರ ಅಭಿಪ್ರಾಯ. ನಾವು ಈ ಮಾತನ್ನು ಒಪ್ಪಲಾರೆವು. ಮೆರವಣಿಗೆಯ ಲಾರಿಯಲ್ಲಿ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿ ಕಿವಿ ಹರಿಯುವುದು ಒಂದು, ಎರಡು ಹಾಡುಗಳನ್ನು ಕೂಡಿಸುವ ಕೈಚಳಕವು ಇನ್ನೊಂದು. ಈ ಎರಡನೆಯದು ವಿದ್ಯೆಯೇ ಸರಿ. ಇದರ ಚರಿತ್ರೆಯೂ ನಮ್ಮಂಥ ಪರಸ್ಥಳದವರದೇ. ಜಮೈಕಾ ದ್ವೀಪದಿಂದ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿಗೆ ವಲಸೆ ಬಂದ ಕ್ಲೈವ್ ಕ್ಯಾಂಬೆಲ್ ಎಂಬ ಹುಡುಗನು, 1973ರ ಆಗಸ್ಟ್ 11ರಂದು ತನ್ನ ತಂಗಿಯು ಏರ್ಪಡಿಸಿದ ಒಂದು ಕೂಟದಲ್ಲಿ ಗ್ರಾಮಾಫೋನ್ ತಟ್ಟೆಗಳನ್ನು ನುಡಿಸಿದನು. ಹಾಡಿನಲ್ಲಿ ಬರಿಯ ತಾಳವಾದ್ಯವು ನುಡಿಯುವ ಭಾಗಕ್ಕೆ ಜನರು ಹೆಚ್ಚು ಕುಣಿಯುವುದನ್ನು ಗಮನಿಸಿ, ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು ಆ ಭಾಗವನ್ನೇ ಬೆಳೆಸುವ ಕ್ರಮವನ್ನು ಆತನು ರೂಢಿಗೆ ತಂದನು. ಡಿ.ಜೆ. ಕೂಲ್ ಹರ್ಕ್ ಎಂದು ಲೋಕವು ಅವನನ್ನು ಕರೆಯುತ್ತದೆ. ಆತನ ಬಂಡವಾಳ ದೊಡ್ಡದಾಗಿರಲಿಲ್ಲ; ಗಮನವು ದೊಡ್ಡದಾಗಿತ್ತು.

ಇನ್ನು ವಿಷಯಕ್ಕೆ ಬರೋಣ. ಕಂಟ್ರೋಲರೆಂಬುದು ಸ್ವತಃ ಹಾಡುವ ಯಂತ್ರವಲ್ಲ. ಹಾಡು ಇರುವುದು ಲ್ಯಾಪ್‌ಟಾಪಿನಲ್ಲಿ, ಕೂಡಿಸುವುದು ಅದರಲ್ಲಿರುವ ಸಾಫ್ಟ್‌ವೇರು. ಕಂಟ್ರೋಲರು ಕೈಗೆ ಸಿಗುವ ಹಿಡಿಕೆ ಮಾತ್ರ. ಆದುದರಿಂದ ಮೊದಲು ಸಾಫ್ಟ್‌ವೇರನ್ನು ಆರಿಸಿ, ಅನಂತರ ಹಿಡಿಕೆಯನ್ನು ಕೊಳ್ಳತಕ್ಕದ್ದು. ನಮ್ಮವರು ಮಾಡುತ್ತಿರುವುದು ಇದಕ್ಕೆ ತೀರ ವಿರುದ್ಧ. ದೀಪಗಳು ಹೆಚ್ಚು ಮಿನುಗುವ ಪೆಟ್ಟಿಗೆಯನ್ನು ಕಂತಿನ ಮೇಲೆ ತಂದು, ಆಮೇಲೆ ಅದಕ್ಕೆ ಯಾವ ಸಾಫ್ಟ್‌ವೇರು ಹೊಂದುವುದೆಂದು ಹುಡುಕುತ್ತಾರೆ.

ಕಾಸು ಖರ್ಚಿಲ್ಲದೆ ಆರಂಭಿಸಲು ಮಾರ್ಗವುಂಟು. ಮಿಕ್ಸ್ ಎಂಬ ಸಾಫ್ಟ್‌ವೇರು ಸಂಪೂರ್ಣ ಉಚಿತ. ಡೆನ್ಮಾರ್ಕಿನ ಓರ್ವ ಸಂಶೋಧಕನು ತನ್ನ ಡಾಕ್ಟರೇಟ್ ವ್ಯಾಸಂಗಕ್ಕಾಗಿ 2001ರ ಸುಮಾರಿಗೆ ಆರಂಭಿಸಿದ ಇದನ್ನು ಇಂದು ದೇಶದೇಶಗಳ ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ವಿಂಡೋಸಿನಲ್ಲಿಯೂ ನಡೆಯುವುದು, ಲಿನಕ್ಸಿನಲ್ಲಿಯೂ ನಡೆಯುವುದು. ಕಂಟ್ರೋಲರು ಇಲ್ಲದೆ ಬರಿಯ ಕೀಲಿಮಣೆಯಿಂದಲೂ ನುಡಿಸಬಹುದು. ನ್ಯೂಜಿಲೆಂಡಿನ ಸೆರಾಟೊ ಸಂಸ್ಥೆಯ ಡಿ.ಜೆ. ಲೈಟ್ ಎಂಬುದೂ ಉಚಿತವೇ. ಹೆಚ್ಚಿನ ಅನುಕೂಲಗಳು ಬೇಕಾದವರು ಪ್ರೋ ಆವೃತ್ತಿಗೆ ಹಣ ತೆರಬೇಕು. ವರ್ಚುವಲ್ ಡಿ.ಜೆ.ಯು ಮನೆಯ ಅಭ್ಯಾಸಕ್ಕೆ ಉಚಿತ, ಸಂಭಾವನೆ ಪಡೆದು ನುಡಿಸಲು ಪರವಾನಗಿ ಬೇಕು. ಹೀಗಿರುವಲ್ಲಿ ಕಳ್ಳ ಪ್ರತಿಗಳನ್ನು ಹಾಕಿಸಿಕೊಳ್ಳುವ ಅಗತ್ಯವೇನಿದೆಯೋ ನಮಗೆ ತಿಳಿಯದು. ಗುಮಾಸ್ತ ಬಂಧುಗಳಿಗೆ ಇನ್ನೊಂದು ಮಾತು: ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಈ ಪ್ರಯೋಗ ಬೇಡ. ಮಾರ್ಚ್ ಅಖೈರಿಗೆ ಯಂತ್ರವು ಕೈಕೊಟ್ಟರೆ ಸಾಹೇಬರು ಕುಣಿಯುವರು, ಆದರೆ ತಾಳಕ್ಕೆ ಅಲ್ಲ.

ಎರಡು ತಿಂಗಳು ಹೀಗೆ ಅಭ್ಯಾಸ ಮಾಡಿದ ಮೇಲೂ ಆಸೆ ಆರದಿದ್ದರೆ ಆಗ ಕಂಟ್ರೋಲರಿನ ಮಾತು. ಅದರಲ್ಲಿ ನೋಡಬೇಕಾದ ಮುಖ್ಯ ಅಂಶವು ಅಂಗಡಿಯವನು ತೋರಿಸುವ ದೀಪಗಳಲ್ಲ, ಹಿಂಬದಿಯ ತೂತುಗಳು. ಜನರು ಒಂದು ಹಾಡನ್ನು ಕೇಳುತ್ತಿರುವಾಗ ಡಿ.ಜೆ.ಯು ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ ಸಿದ್ಧಗೊಳಿಸಬೇಕು. ಸಾಧಾರಣ ಲ್ಯಾಪ್‌ಟಾಪಿಗೆ ಇರುವುದು ಒಂದೇ ಧ್ವನಿಮಾರ್ಗ. ಆದುದರಿಂದ ಸ್ಪೀಕರಿಗೊಂದು, ಹೆಡ್‌ಫೋನಿಗೊಂದು, ಹೀಗೆ ಎರಡು ಮಾರ್ಗಗಳನ್ನು ತನ್ನಲ್ಲಿಯೇ ಉಳ್ಳ ಕಂಟ್ರೋಲರನ್ನೇ ಕೊಳ್ಳಬೇಕು. ಇವು ಇಲ್ಲದ ಅಗ್ಗದ ಆಟಿಕೆಗಳೂ ಮಾರುಕಟ್ಟೆಯಲ್ಲಿವೆ. ಭಟ್ಟರು ಸಾರಿನ ರುಚಿ ನೋಡದೆ ನೇರವಾಗಿ ಪಂಕ್ತಿಗೆ ಬಡಿಸಿದಂತೆ ಅವುಗಳ ಕೆಲಸ.

ಫ್ರೆಂಚ್ ಸಂಸ್ಥೆಯಾದ ಹರ್ಕ್ಯುಲಿಸ್‌ನ ಇನ್‌ಪಲ್ಸ್ 200 ಚಿಕ್ಕದಾದರೂ ಈ ಎರಡು ಮಾರ್ಗಗಳನ್ನು ಹೊಂದಿದೆ. ಇನ್‌ಪಲ್ಸ್ 300ರಲ್ಲಿ ಹಾಡು ಮುಂದೋಡುತ್ತಿದೆಯೋ ಹಿಂದುಳಿಯುತ್ತಿದೆಯೋ ಎಂಬುದನ್ನು ತೋರಿಸುವ ಬಾಣದ ದೀಪಗಳಿರುವುದರಿಂದ, ಗುರುವಿಲ್ಲದೆ ಕಲಿಯುವವರಿಗೆ ಅದು ಹೆಚ್ಚು ಉಪಯುಕ್ತ. ಬೆಲೆಯಲ್ಲಿ ಇವುಗಳಿಗಿಂತ ಮೇಲಿನದು ಪಯೋನಿಯರ್ ಡಿ.ಜೆ.ಯ ಡಿಡಿಜೆ-ಎಫ್‌ಎಲ್‌ಎಕ್ಸ್4. ಇದು ರೆಕಾರ್ಡ್‌ಬಾಕ್ಸ್ ಮತ್ತು ಸೆರಾಟೊ ಎರಡರೊಡನೆಯೂ ಹೊಂದುತ್ತದೆ. ಇದರ ಗುಂಡಿಗಳ ಜೋಡಣೆಯು ದೊಡ್ಡ ಲಾನುಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ಇರುವ ಅದೇ ಕಂಪೆನಿಯ ದೊಡ್ಡ ಯಂತ್ರಗಳನ್ನು ಹೋಲುವುದರಿಂದ, ಇದರ ಮೇಲೆ ಪಳಗಿದ ಕೈಯು ಅಲ್ಲಿ ತಡವರಿಸುವುದಿಲ್ಲ. ಸಂಭಾವನೆಗಾಗಿ ನುಡಿಸುವ ನಿಶ್ಚಯವುಳ್ಳವನಿಗೆ ನಾವು ಇದನ್ನೇ ಹೇಳುವೆವು. ಬರಿಯ ಸಂತೋಷಕ್ಕೆ ಇನ್‌ಪಲ್ಸ್ ಸಾಕು. 2018ರಲ್ಲಿ ಬಂದ ಡಿಡಿಜೆ-400 ಈಗ ತಯಾರಾಗುತ್ತಿಲ್ಲವಾದರೂ ಸೆಕೆಂಡ್‌ಹ್ಯಾಂಡಿನಲ್ಲಿ ದೊರೆಯುವುದುಂಟು. ಕೊಳ್ಳುವ ಮುನ್ನ ಎಲ್ಲ ಜಾರುಗುಂಡಿಗಳನ್ನು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಸರಿಸಿ ಕರಕರ ಸದ್ದು ಬರುವುದೇ ಎಂದು ಕೇಳಬೇಕು. ಯುಎಸ್‌ಬಿ ಕಿಂಡಿಯು ಸಡಿಲವಾಗಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬರಬೇಕು. ನಾಲ್ಕು ಚಾನೆಲ್ಲುಗಳ ಯಂತ್ರವು ಮೊದಲಿಗನಿಗೆ ಬೇಕಾಗಿಯೇ ಇಲ್ಲ. ಹತ್ತು ಗಿರಾಕಿಗಳಿಗೆ ಯಾವ ಮಾಲಿಕನೂ ಇಪ್ಪತ್ತು ಲೀಟರಿನ ಗ್ರೈಂಡರು ಹಾಕುವುದಿಲ್ಲ.

ಇಲ್ಲಿ ನಮ್ಮ ಹಾಡುಗಳ ಸಂಬಂಧವಾಗಿ ಒಂದು ಸೂಕ್ಷ್ಮವನ್ನು ಹೇಳಲೇಬೇಕು, ಏಕೆಂದರೆ ಪರದೇಶದ ಪಾಠಗಳಲ್ಲಿ ಇದು ಸಿಗುವುದು ಕಡಿಮೆ. ಈ ಸಾಫ್ಟ್‌ವೇರುಗಳು ಹಾಡಿನ ಲಯವನ್ನು ತಾವೇ ಎಣಿಸಿ ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ತೋರಿಸುತ್ತವೆ; ಸಿಂಕ್ ಎಂಬ ಗುಂಡಿಯನ್ನು ಒತ್ತಿದರೆ ಎರಡು ಹಾಡುಗಳ ಲಯವು ಒಂದಾಗುತ್ತದೆ. ಯಂತ್ರದಲ್ಲಿಯೇ ತಾಳ ಹಾಕಿ ತಯಾರಿಸಿದ ಈಗಿನ ಹಾಡುಗಳಿಗೆ ಇದು ಸರಿ. ಆದರೆ 1970ರ ಆಸುಪಾಸಿನ ನಮ್ಮ ಚಲನಚಿತ್ರ ಗೀತೆಗಳಲ್ಲಿ ತಬಲ, ಢೋಲಕುಗಳನ್ನು ನುಡಿಸಿದವರು ಮನುಷ್ಯರು. ಪಲ್ಲವಿಯಲ್ಲಿ ಇದ್ದ ಲಯವು ಚರಣಕ್ಕೆ ಬರುವಾಗ ಕೂದಲೆಳೆಯಷ್ಟು ಏರಿರುತ್ತದೆ, ಯಂತ್ರದ ಲೆಕ್ಕವು ತಪ್ಪುತ್ತದೆ. ಇನ್ನು ಕರಾವಳಿಯ ತಾಸೆಯ ಪೆಟ್ಟು, ಇಲ್ಲಿನ ಮರಾಠಿ ಢೋಲಕಿಯ ಹಾಡುಗಳು ಬಹುಮಟ್ಟಿಗೆ ಮೂರರ, ಆರರ ನಡೆಯವು. ನಾಲ್ಕರ ನಡೆಯನ್ನೇ ನಿರೀಕ್ಷಿಸುವ ಸಾಫ್ಟ್‌ವೇರು ಇವುಗಳನ್ನು ಕಂಡೊಡನೆ ಒಂದೂವರೆ ಪಟ್ಟು ಹೆಚ್ಚಿನ ಅಂಕೆಯನ್ನೋ ಕಡಿಮೆಯ ಅಂಕೆಯನ್ನೋ ತೋರಿಸಿ ಕುಳಿತುಬಿಡುತ್ತದೆ. ಅದನ್ನು ನಂಬಿ ಸಿಂಕ್ ಒತ್ತಿದವನು ಕುಣಿಯುವವರ ಕಾಲುಗಳನ್ನು ಒಂದಕ್ಕೊಂದು ತೊಡರಿಸುವನು. ನಮ್ಮವರ ಮದುವೆಗಳಲ್ಲಿ ನುಡಿಸಬಯಸುವವನು ಕಿವಿಯಿಂದಲೇ ಲಯ ಹೊಂದಿಸಲು ಕಲಿಯಬೇಕು. ಯಕ್ಷಗಾನದ ಚೆಂಡೆಯನ್ನು ಕೇಳಿ ಬೆಳೆದ ಕುಂದಾಪುರದ ಹುಡುಗನಿಗೆ ಇದು ಕಷ್ಟವಾಗಲಾರದು.

ಸಂಪಾದನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಮೊದಲ ಕಂಟ್ರೋಲರಿನ ಬೆಲೆಯು ಅನೇಕ ಹುಡುಗರಿಗೆ ಒಂದು ತಿಂಗಳ ಪಗಾರವನ್ನು ನುಂಗುವಂಥದು, ಊರಿನಲ್ಲಿ ತಾಯಿಯು ಕಾದಿರುವ ಹಣವದು. ಸಾಲ ಮಾಡಿ, ಕಂತು ಕಟ್ಟುವೆನೆಂದು ಇದನ್ನು ಕೊಳ್ಳುವುದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಕೆಲಸದ ವೇಳೆಯೂ ಅಡ್ಡಬರುವುದು. ಲಾನುಗಳು ರಂಗೇರುವ ಹೊತ್ತಿಗೆ ಹೊಟೇಲಿನಲ್ಲಿಯೂ ರಾತ್ರಿಯ ಗಿರಾಕಿ ತುಂಬಿರುತ್ತದೆ. ವಾರದ ರಜೆಯ ದಿನಕ್ಕೆ ಸಿಕ್ಕಿದ ಕರೆಯನ್ನು ಮಾತ್ರ ಒಪ್ಪಿಕೊಳ್ಳುವವನು ಎರಡನ್ನೂ ಉಳಿಸಿಕೊಳ್ಳುವನು. ಮದುವೆಯ ಕಾಲವಾದ ಮೇ ತಿಂಗಳಿನಲ್ಲಿ ನಾಗಪುರದ ಬಿಸಿಲು 45 ಡಿಗ್ರಿಯನ್ನು ಮುಟ್ಟುವುದೆಂಬುದನ್ನೂ, ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲಿ ಲ್ಯಾಪ್‌ಟಾಪನ್ನು ಬಿಟ್ಟವನಿಗೆ ಸಂಜೆ ಸಂಭಾವನೆಯಿಲ್ಲವೆಂಬುದನ್ನೂ ನೆನಪಿಡಬೇಕು.

ಕಾಯದೆಯ ವಿಷಯವನ್ನು ಚಿಕ್ಕದಾಗಿ ಹೇಳುವೆವು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಕೂಡದು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿಯು 55 ಡೆಸಿಬೆಲ್, ರಾತ್ರಿಯದು 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ಮೌನವಲಯವಾಗಬಹುದು. ಪೋಲೀಸರು ಬಂದಾಗ ಲಾನಿನ ಯಜಮಾನನು ಬೆರಳು ತೋರಿಸುವುದು ಡಿ.ಜೆ.ಯತ್ತಲೇ. ಹಾಡಿನ ಹಕ್ಕುಗಳ ಬಗೆಗೆ, 1957ರ ಕೃತಿಸ್ವಾಮ್ಯ ಕಾಯದೆಯು ಮದುವೆಯ ದಿಬ್ಬಣಕ್ಕೂ ಮದುವೆಗೆ ಸಂಬಂಧಿಸಿದ ಇತರ ಸಮಾರಂಭಗಳಿಗೂ ವಿನಾಯಿತಿ ಕೊಟ್ಟಿದೆ. ಡಿಸೆಂಬರ್ 31ರ ಹೊಟೇಲಿನ ನೃತ್ಯಕೂಟಕ್ಕೆ ಆ ವಿನಾಯಿತಿ ಇಲ್ಲ.

ಕೊನೆಯದಾಗಿ ನಮ್ಮ ಸಂಘಗಳ ಕಾರ್ಯಕರ್ತರಲ್ಲಿ ಒಂದು ಸೂಚನೆ. ಸಂಘವೆಂದರೆ ಹಾರ್ಮೋನಿಯಂ, ತಬಲ, ನಾಟಕದ ಪರದೆಗಳನ್ನು ಕೊಂಡಿಡುವ ಪದ್ಧತಿಯು ನಮ್ಮಲ್ಲಿ ಹಿಂದಿನಿಂದಲೂ ಉಂಟು. ಅವುಗಳ ಪಕ್ಕದಲ್ಲಿ ಒಂದು ಕಂಟ್ರೋಲರೂ, ಒಂದು ಜೊತೆ ಒಳ್ಳೆಯ ಹೆಡ್‌ಫೋನೂ ಏಕಿರಬಾರದು? ಮಧ್ಯಾಹ್ನ ಮೂರರಿಂದ ಐದರ ವರೆಗೆ ಹೊಟೇಲು ಹುಡುಗರಿಗೆ ಬಿಡುವು. ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡಿದರೆ ನೆರೆಯವರಿಗೆ ತೊಂದರೆಯಿಲ್ಲ. ಒಬ್ಬೊಬ್ಬನೂ ಒಂದೊಂದು ಯಂತ್ರಕ್ಕೆ ಪಗಾರ ಸುರಿಯುವುದು ತಪ್ಪುವುದು. ಯಾರಿಗೆ ಈ ವಿದ್ಯೆಯು ಒಲಿಯುವುದೆಂಬುದೂ ಕೊಳ್ಳುವ ಮುನ್ನವೇ ತಿಳಿದುಬರುವುದು. ಹುಡುಗರು ಮುರಿದುಹಾಕುವರೆಂದು ಖಜಾಂಚಿಗಳು ಹೇಳಬಹುದು. ಹೆಸರು, ವೇಳೆ, ಸಹಿಗಳಿಗೆ ಒಂದು ವಹಿಯನ್ನು ಇಟ್ಟರೆ ಸಾಕು. ಬರುವ ಗಣೇಶ ಚೌತಿಗೆ ಮುಂಚೆ ಯಾವುದಾದರೂ ಸಂಘವು ಇದಕ್ಕೆ ಮುಂದಾದಲ್ಲಿ, ಹೆಡ್‌ಫೋನಿನ ಖರ್ಚನ್ನು ನಮ್ಮ ಕಾರ್ಯಾಲಯವು ವಹಿಸಿಕೊಳ್ಳುವುದು.