ಹಾಜರಾತಿ ಪುಸ್ತಕ ಹೇಳದ ಮಾತು

ಮುಂಬೈ ಮಹಾನಗರ ಪಾಲಿಕೆ ನಡೆಸುವ ಶಾಲೆಗಳಲ್ಲಿ ಕನ್ನಡ ಮಾಧ್ಯಮದವೂ ಇವೆ. ಅವುಗಳ ಮಾತು ಬಂದಾಗ ನಾವು ಹೊರನಾಡ ಕನ್ನಡಿಗರು ಕೇಳುವುದು ಒಂದೇ ಪ್ರಶ್ನೆ: ಈ ವರ್ಷ ಎಷ್ಟು ಮಕ್ಕಳು ಸೇರಿದರು? ಸಂಘಗಳು ನಡೆಸುವ ಭಾನುವಾರದ ಕನ್ನಡ ತರಗತಿಗಳ ವಿಷಯದಲ್ಲೂ ಮೊದಲು ಬರುವುದು ತಲೆ ಎಣಿಕೆಯೇ. ತರಗತಿಯ ಒಳಗೆ ಏನು ನಡೆಯುತ್ತಿದೆ ಎಂದು ವಿಚಾರಿಸುವವರು ಕಡಿಮೆ. ಆ ವಿಚಾರಣೆಯನ್ನೇ ಶಿಸ್ತಾಗಿ ಬೆಳೆಸಿದ ಅಮೆರಿಕದ ಶಿಕ್ಷಣ ಪ್ರಾಧ್ಯಾಪಕ ರಾಬರ್ಟ್ ಸ್ಟೇಕ್ ಅವರ ವೃತ್ತಿಜೀವನದಿಂದ ನಮಗೆ ಕಲಿಯುವುದಿದೆ.

ಸ್ಟೇಕ್ ಮೂಲತಃ ಅಂಕಿಗಳ ಮನುಷ್ಯ. 1958ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದದ್ದು ಮನೋಮಾಪನದಲ್ಲಿ, ಅಂದರೆ ಬುದ್ಧಿ, ಕಲಿಕೆಗಳನ್ನು ಅಳೆಯುವ ವಿದ್ಯೆಯಲ್ಲಿ. 1963ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಸೇರಿ, ಶಾಲಾ ಕಾರ್ಯಕ್ರಮಗಳ ಮೌಲ್ಯಮಾಪನಕ್ಕೆ ಇಳಿದ ಮೇಲೆ ಅವರಿಗೆ ಅಳತೆಗೋಲೊಂದೇ ಸಾಲದು ಅನ್ನಿಸಿತು. ಫಲಿತಾಂಶವನ್ನಷ್ಟೇ ನೋಡಿ ತೀರ್ಪು ಕೊಡಬೇಡಿ, ಮಕ್ಕಳು ಯಾವ ಹಿನ್ನೆಲೆಯಿಂದ ಬಂದರು, ಕಲಿಸುವಾಗ ಏನೇನು ನಡೆಯಿತು ಎಂಬುದನ್ನೂ ದಾಖಲಿಸಿ ಎಂದು 1967ರ ಲೇಖನವೊಂದರಲ್ಲಿ ವಾದಿಸಿದರು. 1970ರ ದಶಕದಲ್ಲಿ ಇನ್ನೂ ಮುಂದೆ ಹೋಗಿ, ಕಾಗದದ ಮೇಲಿನ ಗುರಿಗಳಿಗಿಂತ ಶಿಕ್ಷಕರು, ಪೋಷಕರ ಕಳವಳಗಳಿಂದಲೇ ಮೌಲ್ಯಮಾಪನ ಶುರುವಾಗಲಿ ಎಂದರು. ಅದೇ ದಶಕದ ಕೊನೆಗೆ ಜ್ಯಾಕ್ ಈಸ್ಲಿ ಜೊತೆ ನಡೆಸಿದ ವಿಜ್ಞಾನ ಶಿಕ್ಷಣದ ಅಧ್ಯಯನದಲ್ಲಿ ಸಂಶೋಧಕರು 11 ಕಡೆ ಶಾಲೆಗಳಲ್ಲಿ ವಾರಗಟ್ಟಲೆ ಕೂತು ನೋಡಿ ಬರೆದರು. ಜೊತೆಗೆ ದೇಶವ್ಯಾಪಿ ಸಮೀಕ್ಷೆಯೂ ನಡೆಯಿತು. ಅವರು ಅಂಕಿಯನ್ನು ಕೈಬಿಟ್ಟಿರಲಿಲ್ಲ.

ನನ್ನಂಥ ಎಂಜಿನಿಯರಿಗೆ ಮೊದಲು ಏಳುವ ಅನುಮಾನ: ಒಂದು ತರಗತಿ ನೋಡಿ ಊರಿಗೆಲ್ಲ ಅನ್ವಯಿಸುವುದು ಹೇಗೆ? ಇದು ಬರೀ ಕಥೆಯಲ್ಲವೇ? 1995ರಲ್ಲಿ ಬಂದ ಸ್ಟೇಕ್ ಅವರ ಕೇಸ್ ಸ್ಟಡಿ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಒಂದೇ ಸಂಗತಿಯನ್ನು ಹಲವು ಮೂಲಗಳಿಂದ ತಾಳೆ ನೋಡಬೇಕು. ಬರೆದದ್ದನ್ನು ಯಾರ ಬಗ್ಗೆ ಬರೆದಿದ್ದೇವೋ ಅವರಿಗೇ ತೋರಿಸಿ, ಸರಿಯೇ ಎಂದು ಕೇಳಬೇಕು. ವಿವರ ಚೆನ್ನಾಗಿದ್ದರೆ ಓದುಗ ತನ್ನ ಅನುಭವದ ಜೊತೆ ಹೋಲಿಸಿ ತನಗೆ ಬೇಕಾದ್ದನ್ನು ತಾನೇ ತೆಗೆದುಕೊಳ್ಳುತ್ತಾನೆ. ನಮ್ಮ ವೃತ್ತಿಯಲ್ಲೂ ಇದು ಹೊಸದಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿರುತ್ತದೆ, ಗ್ರಾಹಕ ಫೋನಿನಲ್ಲಿ ಬೈಯುತ್ತಿರುತ್ತಾನೆ. ಅವನ ಪಕ್ಕ ಕೂತು ಅವನು ಎಲ್ಲಿ ಒತ್ತುತ್ತಾನೆ ಎಂದು ನೋಡಿದಾಗಲೇ ತೊಂದರೆ ಗೊತ್ತಾಗುವುದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕನ್ನಡವನ್ನು ಮಾತೃಭಾಷೆ ಎಂದವರು ಸುಮಾರು 4.37 ಕೋಟಿ. ಪುಣೆಯ ಫ್ಲ್ಯಾಟೊಂದರಲ್ಲಿ ಅಮ್ಮ ಕನ್ನಡದಲ್ಲಿ ಕರೆದರೆ ಮಗು ಯಾವ ಭಾಷೆಯಲ್ಲಿ ಓಗೊಡುತ್ತದೆ ಎಂಬುದು ಆ ಸಂಖ್ಯೆಯಲ್ಲಿ ಸಿಗದು. ಹಾಜರಾತಿಯಲ್ಲಿ ಮೂವತ್ತು ಹೆಸರಿದ್ದು, ಬಿಡುವಿನಲ್ಲಿ ಮಕ್ಕಳೆಲ್ಲ ಹಿಂದಿಯಲ್ಲೇ ಆಡಿಕೊಳ್ಳುತ್ತಿರಬಹುದು. ಹತ್ತೇ ಮಕ್ಕಳಿರುವ ಕಡೆ ಅಜ್ಜಿಗೆ ಓದಿ ಹೇಳುವ ಹುಡುಗಿಯೊಬ್ಬಳು ತಯಾರಾಗುತ್ತಿರಬಹುದು. ಎಣಿಕೆಯನ್ನಷ್ಟೇ ನಂಬಿದರೆ ನಾವು ಮುಚ್ಚುವುದು ಎರಡನೆಯದನ್ನು.

ಇದಕ್ಕೆ ಸಮಯ ಬೇಕು, ನಿಜ. ಆದರೆ ನಮ್ಮ ಸಂಘಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಬರೆಯಬಲ್ಲ ಯುವಕರಿದ್ದಾರೆ. ರಾಜ್ಯೋತ್ಸವದ ಒಂದು ಕಾರ್ಯಕ್ರಮ ಕಡಿಮೆಯಾದರೂ ಚಿಂತೆಯಿಲ್ಲ. ಪ್ರತಿ ಸಂಘವೂ ಒಪ್ಪಿಗೆ ಪಡೆದು ಒಂದು ತರಗತಿಯನ್ನು ಒಂದು ವರ್ಷ ಕೂತು ನೋಡಲಿ, ಕಂಡದ್ದನ್ನು ಬರೆದು ಮೊದಲು ಪೋಷಕರಿಗೇ ತೋರಿಸಲಿ. ಮುಂದಿನ ವರ್ಷ ತರಗತಿ ಮುಂದುವರಿಸಬೇಕೇ, ಬದಲಿಸಬೇಕೇ ಎಂಬುದನ್ನು ಆಮೇಲೆ ತೀರ್ಮಾನಿಸೋಣ.