ಅನ್ನನಾಳ ಮತ್ತು ಜಠರದ ಆರಂಭಿಕ ಕ್ಯಾನ್ಸರ್ ಪತ್ತೆ: ಸುಧಾರಿತ ಎಂಡೋಸ್ಕೋಪಿಯ ಉಪಯೋಗ ಮತ್ತು ಮಿತಿ

ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಅನ್ನನಾಳ ಹಾಗೂ ಜಠರದ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋವನ್ನುಂಟುಮಾಡುವುದಿಲ್ಲ. ಆಹಾರ ನುಂಗಲು ಕಷ್ಟವಾಗುವ ವೇಳೆಗೆ ರೋಗವು ಬಹುಮಟ್ಟಿಗೆ ಬಲಿತಿರುತ್ತದೆ. ಒಳಪೊರೆಗಷ್ಟೇ ಸೀಮಿತವಾಗಿರುವಾಗ ಪತ್ತೆಯಾದಲ್ಲಿ, ಆಯ್ದ ಪ್ರಕರಣಗಳಲ್ಲಿ ಹೊಟ್ಟೆಯನ್ನು ಕೊಯ್ಯದೆ ಎಂಡೋಸ್ಕೋಪ್ ಮೂಲಕವೇ ತೆಗೆಯಬಹುದಾಗಿದೆ.

'ನ್ಯಾರೋ ಬ್ಯಾಂಡ್ ಇಮೇಜಿಂಗ್' ವಿಧಾನದಲ್ಲಿ ಬಿಳಿ ಬೆಳಕಿಗೆ ಬದಲಾಗಿ 415 ಹಾಗೂ 540 ನ್ಯಾನೋಮೀಟರ್ ತರಂಗಾಂತರದ ನೀಲಿ ಮತ್ತು ಹಸಿರು ಬೆಳಕನ್ನು ಬಳಸಲಾಗುತ್ತದೆ. ರಕ್ತದಲ್ಲಿನ ಹಿಮೋಗ್ಲೋಬಿನ್ ಈ ಬೆಳಕನ್ನು ಹೀರಿಕೊಳ್ಳುವುದರಿಂದ ಸೂಕ್ಷ್ಮ ರಕ್ತನಾಳಗಳು ಎದ್ದು ಕಾಣುತ್ತವೆ. ಬಣ್ಣದ ಔಷಧವನ್ನು ಸಿಂಪಡಿಸುವ ಅಗತ್ಯವಿರುವುದಿಲ್ಲ.

ಆದಾಗ್ಯೂ ಇದರ ಪ್ರಯೋಜನವು ಎಲ್ಲ ಅಂಗಗಳಲ್ಲಿಯೂ ಸಮನಾಗಿಲ್ಲ. ಅಪಾಯ ಹೆಚ್ಚಿದ್ದ ರೋಗಿಗಳ ಮೇಲೆ ಜಪಾನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅನ್ನನಾಳದ ಆರಂಭಿಕ ಕ್ಯಾನ್ಸರ್‌ಗಳ ಪೈಕಿ ಬಿಳಿ ಬೆಳಕು ಶೇ. 55ರಷ್ಟನ್ನು, ಈ ವಿಧಾನವು ಶೇ. 97ರಷ್ಟನ್ನು ಗುರುತಿಸಿತು. ಜಠರದ ಕುರಿತು ಅದೇ ದೇಶದಿಂದ 2021ರಲ್ಲಿ ಪ್ರಕಟವಾದ, ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ ಅಧ್ಯಯನದಲ್ಲಿ ಎರಡು ವಿಧಾನಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ಯಂತ್ರದ ಹೆಸರಿಗಿಂತ, ಅನುಭವಿ ವೈದ್ಯರು ಸಾವಧಾನವಾಗಿ ನಡೆಸುವ ಪರೀಕ್ಷೆಯೇ ಮುಖ್ಯವೆಂಬುದನ್ನು ಗಮನಿಸತಕ್ಕದ್ದು.

ದಕ್ಷಿಣ ಕೊರಿಯಾದಲ್ಲಿ 40 ವರ್ಷ ಮೇಲ್ಪಟ್ಟವರಿಗೆ ಎರಡು ವರ್ಷಕ್ಕೊಮ್ಮೆ ಜಠರ ತಪಾಸಣೆಯ ವ್ಯವಸ್ಥೆಯಿದೆ. ಭಾರತದಲ್ಲಿ 2016ರ ಮಾರ್ಗಸೂಚಿಯನ್ವಯ 30 ವರ್ಷ ಮೇಲ್ಪಟ್ಟವರ ಸಾಮೂಹಿಕ ತಪಾಸಣೆಯು ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಸಂಬಂಧಿಸಿದ್ದು, ಅನ್ನನಾಳ ಮತ್ತು ಜಠರ ಅದರಲ್ಲಿ ಸೇರಿರುವುದಿಲ್ಲ. ಅಂದರೆ ಈ ರೋಗವನ್ನು ಹುಡುಕಿಕೊಂಡು ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ. ರೋಗಿಯೇ ಸಕಾಲದಲ್ಲಿ ಆಸ್ಪತ್ರೆಗೆ ಬರಬೇಕಾಗುತ್ತದೆ. ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆಯನ್ನು ತಾವಾಗಿಯೇ ಸೇವಿಸುತ್ತಾ ಕಾಲ ಕಳೆದವರಿಗೆ ಎಂತಹ ಸುಧಾರಿತ ಉಪಕರಣವೂ ತಡವಾಗಿಯೇ ದೊರೆತಂತಾಗುತ್ತದೆ.

ನುಂಗಲು ತೊಂದರೆ, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತಹೀನತೆ ಅಥವಾ ವಾಸಿಯಾಗದ ಅಜೀರ್ಣವಿದ್ದಲ್ಲಿ ವಿಳಂಬ ಮಾಡದೆ ವೈದ್ಯರನ್ನು ಕಾಣುವುದು. ತಂಬಾಕು ಅಥವಾ ಮದ್ಯ ಸೇವಿಸುವವರು ಹಾಗೂ ಕುಟುಂಬದಲ್ಲಿ ಈ ಕಾಯಿಲೆಯ ಇತಿಹಾಸವುಳ್ಳವರು ಅದನ್ನು ಮುಚ್ಚಿಡದೆ ತಿಳಿಸುವುದು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಬಯಸುವವರು ಪಡಿತರ ಚೀಟಿ ಹಾಗೂ ಆಧಾರ್‌ನೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು. ಶಿಫಾರಸು ಪತ್ರ, ಎಂಡೋಸ್ಕೋಪಿ ವರದಿ ಹಾಗೂ ಬಯಾಪ್ಸಿ ವರದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ಕೋರಲಾಗಿದೆ.