ಗಿಟಾರಿಗೆ ಬೆಳಕಿನ ಕೇಬಲ್ ಬೇಕಾ?

ಆಪ್ಟಿಕಲ್ ಫೈಬರ್ ಅಂದ ತಕ್ಷಣ ನಮ್ಮ ಐಟಿ ಮಂದಿಗೆ ಒಂಥರಾ ಭಕ್ತಿ. ಇಂಟರ್ನೆಟ್ಟಿಗೆ ಅಷ್ಟು ಚೆನ್ನಾಗಿರೋದು ಸಂಗೀತಕ್ಕೂ ಚೆನ್ನಾಗಿಯೇ ಇರಬೇಕಲ್ವಾ? ಎಲೆಕ್ಟ್ರಿಕ್ ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ತಾಮ್ರದ ಕೇಬಲ್ ಕಿತ್ತು ಫೈಬರ್ ಹಾಕಿದರೆ ನಾದ ‘ಶುದ್ಧ’ವಾಗುತ್ತೆ ಅನ್ನುವ ವಾದ ಇದೆ. ಫೈಬರ್ ಹಾಕುವುದಕ್ಕೆ ಒಂದು ಒಳ್ಳೇ ಕಾರಣ ಖಂಡಿತ ಇದೆ, ಆದರೆ ಅದಕ್ಕೂ ನಾದಕ್ಕೂ ಸಂಬಂಧವಿಲ್ಲ ಅನ್ನೋದು ನನ್ನ ತಕರಾರು.

ಅನಲಾಗ್ ಸಿಗ್ನಲ್ಲನ್ನು ಬೆಳಕಿನಲ್ಲಿ ಕಳಿಸಬಹುದಾ ಅಂದರೆ, ಧಾರಾಳವಾಗಿ. ಗ್ರಹಾಂ ಬೆಲ್ 1880ರಲ್ಲೇ ಫೋಟೋಫೋನ್ ಅಂತ ಮಾಡಿ ಬರೀ ಬಿಸಿಲಿನ ಕಿರಣದ ಮೇಲೆ ಮಾತು ಕಳಿಸಿದ್ದ. ಗಿಟಾರಿಗಾದರೆ ಈ ತುದಿಗೊಂದು ಎಲ್‌ಇಡಿ, ಆ ತುದಿಗೊಂದು ಫೋಟೋಡಯೋಡ್ ಸಾಕು. ಆದರೆ ಎಲ್‌ಇಡಿ ಪುಕ್ಕಟೆ ಉರಿಯುವುದಿಲ್ಲವಲ್ಲ! ಗಿಟಾರಿನ ಪಿಕಪ್ ಅಂದರೆ ಆಯಸ್ಕಾಂತದ ಮೇಲೆ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಂತಿ. ಅದರಿಂದ ಬರೋದು ಸಾಧಾರಣವಾಗಿ ಕೆಲವು ನೂರು ಮಿಲಿವೋಲ್ಟ್, ಕರೆಂಟಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಗಿಟಾರಿನ ಕಡೆಗೇ ಒಂದು ಬ್ಯಾಟರಿ, ಒಂದು ಬಫರ್ ಸರ್ಕ್ಯೂಟ್ ಬೇಕೇ ಬೇಕು.

ಮಜಾ ಇರೋದು ಇಲ್ಲೇ. ಮಾಮೂಲಿ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತೆ. ಪಿಕಪ್ಪಿನ ಇಂಡಕ್ಟೆನ್ಸ್ 2.5 ಹೆನ್ರಿ ಅಂತಿಟ್ಟುಕೊಳ್ಳಿ. 6 ಮೀಟರ್ ಕೇಬಲ್ ಸಿಕ್ಕಿಸಿದರೆ ಎರಡೂ ಸೇರಿ ಸುಮಾರು 4100 ಹರ್ಟ್ಸಿನಲ್ಲಿ ರೆಸೊನೇಟ್ ಆಗ್ತವೆ. 10 ಮೀಟರ್ ಮಾಡಿ, 3200ರ ಆಸುಪಾಸಿಗೆ ಇಳಿಯುತ್ತೆ. ನಮ್ಮ ಕಿವಿ ತುಂಬಾ ಚುರುಕಾಗಿರುವ ಜಾಗವೇ ಅದು. ಅಂದರೆ ನಾವು ‘ಗಿಟಾರಿನ ನಾದ’ ಅಂತ ಮೆಚ್ಚಿಕೊಳ್ಳುವುದರಲ್ಲಿ ಆ ಬಡಪಾಯಿ ಕೇಬಲ್ಲಿನ ಪಾಲೂ ಇದೆ. ಬಫರ್ ಹಾಕಿದ ಕೂಡಲೇ ಆ ಪಾಲು ಹೋಯಿತು, ನಾದ ಇನ್ನಷ್ಟು ಚೂಪಾಯಿತು. ಕೆಲವರಿಗೆ ಅದೇ ಇಷ್ಟ, ಇರಲಿ. ಆದರೆ ಬಫರ್ ಇದ್ದ ಮೇಲೆ ಅದೇ 10 ಮೀಟರ್ ತಾಮ್ರವೂ ಅಷ್ಟೇ ಚೂಪಾಗಿ ಕೇಳಿಸುತ್ತೆ ಸ್ವಾಮಿ! ಕೆಲಸ ಮಾಡಿದ್ದು ಬಫರ್, ಹೊಗಳಿಕೆ ಮಾತ್ರ ಫೈಬರಿಗೆ.

ಮೇಲಾಗಿ ಎಲ್‌ಇಡಿಯ ಬೆಳಕು ಕರೆಂಟಿಗೆ ಸರಿಸಮನಾಗಿ ಏರಿಳಿಯುವುದಿಲ್ಲ. ಫೈಬರನ್ನು ಜೋರಾಗಿ ಬಗ್ಗಿಸಿದರೆ ಬೆಳಕು ಸೋರಿ ವಾಲ್ಯೂಮೇ ತಗ್ಗುತ್ತೆ. ಸಿಂಗಲ್ ಕಾಯಿಲ್ ಪಿಕಪ್ಪು ತಾನಾಗಿಯೇ ಹಿಡಿದುಕೊಳ್ಳುವ 50 ಹರ್ಟ್ಸಿನ ಗುಂಯ್ ಸದ್ದನ್ನು ಫೈಬರ್ ಅತ್ಯಂತ ಶುದ್ಧವಾಗಿ ತಲುಪಿಸುತ್ತದೆ :) ಸ್ಟೇಜಿನಿಂದ ದೂರದ ಮಿಕ್ಸರಿಗೆ ಹತ್ತಾರು ಚಾನೆಲ್ ಒಯ್ಯಬೇಕಾದರೆ ಡಿಜಿಟಲ್ ಮಾಡಿ ಫೈಬರಿನಲ್ಲಿ ಕಳಿಸೋದೇ ಸರಿ. ಅದು ಬೇರೆ ಮಾತು.

ಇನ್ನು ಆ ಒಳ್ಳೇ ಕಾರಣ. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಅರ್ಥಿಗೆ ಸೇರಿರುತ್ತವೆ, ತುಟಿಗೆ ತಾಗುವ ಮೈಕು ಇನ್ನೊಂದು ಉಪಕರಣದ ಅರ್ಥಿಗೆ. ಇವೆರಡರಲ್ಲಿ ಒಂದು ಕೆಟ್ಟಿದ್ದರೂ ನಡುವೆ ಸಿಕ್ಕುವುದು ಹಾಡುವವನ ಮೈ. ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಸ್ಟೇಜಿನ ಮೇಲೇ ಸತ್ತ. ನಮ್ಮೂರ ಜಾತ್ರೆಯ ಆರ್ಕೆಸ್ಟ್ರಾಗಳನ್ನು ನೋಡಿ: ಬಾಡಿಗೆ ಜನರೇಟರ್, ಎರಡೇ ಪಿನ್ನಿನ ಪ್ಲಗ್ಗು, ಮಳೆ ಬಂದು ಒದ್ದೆಯಾದ ಹಲಗೆ. ಅಲ್ಲಿ ಬ್ಯಾಟರಿಯಲ್ಲಿ ಓಡುವ ಗಿಟಾರು, ಫೈಬರ್ ಇದ್ದರೆ ಒಂದು ಜೀವ ಉಳಿದೀತು. ವೈರ್‌ಲೆಸ್ ಹಾಕಿದರೂ ಅದೇ ಲಾಭ, ಸುಲಭವಾಗಿ ಸಿಗುತ್ತೆ ಕೂಡ. ಆದರೆ ಗಿಟಾರಿನವನು ಬಚಾವಾದರೂ ಕೀಬೋರ್ಡಿನವನ ಗತಿ ಏನು? ಅದಕ್ಕೇ ದುಡ್ಡಿದ್ದರೆ ಮೊದಲು 30 ಮಿಲಿಆಂಪಿನ ಒಂದು ಆರ್‌ಸಿಸಿಬಿ ಹಾಕಿಸಿ ಅಂತೀನಿ. ಜನರೇಟರಿನ ನ್ಯೂಟ್ರಲ್ಲಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದೂ ನೆಟ್ಟಗೆ ಟ್ರಿಪ್ ಆಗುವುದಿಲ್ಲ, ಆದ್ದರಿಂದ ಅಡ್ವಾನ್ಸ್ ಕೊಡುವಾಗಲೇ ಜನರೇಟರಿನವರನ್ನು ಆ ಒಂದು ಪ್ರಶ್ನೆ ಕೇಳಿಬಿಡಿ.